ಡಬ್ಬಿ ಎದೆ ನೋಡಿತು, ಗಾಳಿ ನೋಡಲಿಲ್ಲ: ರೇಡಾರ್‌ನಿಂದ ನಿದ್ದೆ ಅಳೆದ ಒಂದು ಮನೆಯ ಪ್ರಕರಣ

ಇದು ಮಧ್ಯ ಕರ್ನಾಟಕದ ಒಂದು ಊರಿನ ಮನೆಯಲ್ಲಿ ನಡೆದದ್ದು. ಊರಿನ ಹೆಸರು, ಮನೆಯವರ ಹೆಸರು ಹಾಕಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯೋದಕ್ಕೆ ಮನೆಯವರ ಒಪ್ಪಿಗೆ ಇದೆ, ಬರೆದದ್ದನ್ನು ಅವರ ಮಗ ಓದಿ ನೋಡಿದ್ದಾನೆ. ಮೈ ಮುಟ್ಟದೆ ರೇಡಾರ್ ಅಲೆಯಿಂದ ಉಸಿರು, ಎದೆಬಡಿತ ನೋಡುವ ಉಪಕರಣ ಕೂರಿಸಿದವನು ನಾನು. ಎರಡೂವರೆ ತಿಂಗಳು ಅದನ್ನು ತಪ್ಪಾಗಿ ಓದಿದವನೂ ನಾನೇ. ಮನೆಯಲ್ಲಿ ಇಂಥ ರೇಡಾರ್ ಡಬ್ಬಿ ಇಟ್ಟುಕೊಳ್ಳುವವರು ಈಗ ಜಾಸ್ತಿ ಆಗುತ್ತಿದ್ದಾರೆ. ಅದಕ್ಕೇ ಎಲ್ಲಿ ಎಡವಿದೆ ಅನ್ನೋದನ್ನು ಬಿಡದೆ ಬರೆಯುತ್ತಿದ್ದೇನೆ.

ಮನೆ ಮತ್ತು ತೊಂದರೆ

ಯಜಮಾನರಿಗೆ 61 ವರ್ಷ. ಕಾಳಿನ ವ್ಯಾಪಾರ. ಬಿಪಿಗೆ ದಿನಕ್ಕೆ ಮೂರು ಥರದ ಮಾತ್ರೆ ತಗೊಂಡರೂ ಮೇಲಿನ ಅಂಕಿ 150ರಿಂದ ಇಳಿಯುತ್ತಿರಲಿಲ್ಲ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರು. ಅದನ್ನು ಎಲ್ಲರೂ ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಿದ್ದರು. ಮಧ್ಯಾಹ್ನ ಗಲ್ಲಾದ ಮುಂದೆ ಕೂತಲ್ಲೇ ತೂಕಡಿಕೆ. ಗೊರಕೆಯಂತೂ ಮೊದಲಿಂದಲೂ ಇತ್ತು, ಮನೆಗೆ ಬಂದ ನೆಂಟರು ಅದರ ಬಗ್ಗೆ ನಗಾಡೋದೂ ಇತ್ತು.

ಅವರ ಹೆಂಡತಿ, ನಾನೂ ಅಮ್ಮ ಅಂತಲೇ ಕರೆಯುತ್ತೇನೆ, ಮೊದಲ ದಿನವೇ ನನಗೆ ಹೇಳಿದ್ದು ಇಷ್ಟು: "ಗೊರಕೆ ಜೋರಾಗಿ ಹೋಗ್ತಾ ಹೋಗ್ತಾ ಒಮ್ಮಿಗೇ ನಿಂತೋಗ್ತತಿ ಕಣಪ್ಪಾ. ಉಸ್ರೇ ಇರಂಗಿಲ್ಲ. ನಾನು ಅಲ್ಲಾಡ್ಸಿದ್ರೆ ದಡಕ್ಕಂತ ಮೇಲೆ ಎಳ್ಕೊಂಡು ಮತ್ತೆ ಶುರು."

ಈ ನಾಲ್ಕು ಮಾತನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಆಸ್ಪತ್ರೆಯಿಂದ ಬಂದ ಉತ್ತರ ಇದರಲ್ಲೇ ಇತ್ತು.

ಊರಿನ ವೈದ್ಯರು ಒಂದು ರಾತ್ರಿಯ ನಿದ್ದೆ ಪರೀಕ್ಷೆ ಮಾಡಿಸಿ ಅಂದಿದ್ದರು. ತಲೆಗೆಲ್ಲ ವೈರ್ ಅಂಟಿಸುತ್ತಾರೆ ಅಂತ ಯಾರೋ ಹೇಳಿದ್ದೇ ತಡ, ಯಜಮಾನರು ಖಡಾಖಂಡಿತ ಬೇಡ ಅಂದರು. ಬೆಂಗಳೂರಿನಲ್ಲಿರುವ ಮಗ ಸ್ಮಾರ್ಟ್ ವಾಚ್ ತಂದುಕೊಟ್ಟ. ಎರಡು ರಾತ್ರಿ ಕಟ್ಟಿಕೊಂಡು, ಕೈ ಬಿಗಿದಂಗಾಗುತ್ತೆ ಅಂತ ಬಿಚ್ಚಿಟ್ಟರು. ಆಗ ಮಗ ನನ್ನ ಹತ್ತಿರ ಬಂದ. ನಾನು ಸಣ್ಣ ಸರ್ಕ್ಯೂಟ್ ಬೋರ್ಡುಗಳ ಕೆಲಸ ಮಾಡುವವನು. ಮೈಗೆ ಏನೂ ಮುಟ್ಟಿಸದೆ ಉಸಿರು, ಎದೆಬಡಿತ ನೋಡೋಕೆ ಆಗುತ್ತಾ ಅಂತ ಕೇಳಿದ. ಆಗುತ್ತೆ ಅಂದೆ.

ಡಬ್ಬಿ ಹೇಗೆ ಕೆಲಸ ಮಾಡುತ್ತೆ

ಈ ವಿದ್ಯೆ ಹೊಸದಲ್ಲ. ಮೈಕ್ರೋವೇವ್‌ನಿಂದ ಉಸಿರಾಟ ಅಳೆಯಬಹುದು ಅಂತ ವಿಜ್ಞಾನಿ ಜೇಮ್ಸ್ ಲಿನ್ 1975ರಲ್ಲೇ ಪ್ರಕಟಿಸಿದ್ದರು. ಅದು ಚಿಪ್ ಗಾತ್ರಕ್ಕೆ ಇಳಿದು ಮಲಗುವ ಕೋಣೆಗೆ ಬಂದದ್ದು ಮಾತ್ರ ಇತ್ತೀಚೆಗೆ. ಗೂಗಲ್‌ನ ನೆಸ್ಟ್ ಹಬ್ ಅನ್ನೋ ಸ್ಮಾರ್ಟ್ ಪರದೆ 2021ರಲ್ಲಿ ಇದೇ ರೀತಿ ನಿದ್ದೆ ನೋಡಲು ಶುರುಮಾಡಿತು. ನಾನು ಬಳಸಿದ್ದು 60 ಗಿಗಾಹರ್ಟ್ಸ್‌ನ ಒಂದು ಸಣ್ಣ ಮಾಡ್ಯೂಲ್, ಜೊತೆಗೆ ಅದರ ಸಿಗ್ನಲ್ ಓದೋಕೆ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್.

60 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 5 ಮಿಲಿಮೀಟರ್. ಡಬ್ಬಿಯಿಂದ ಹೊರಟ ಅಲೆ ಎದೆಗೆ ಬಡಿದು ವಾಪಸ್ ಬರುತ್ತೆ. ಎದೆ 2.5 ಮಿಲಿಮೀಟರ್ ಮುಂದೆ ಬಂದರೆ ಹೋಗಿಬರುವ ದಾರಿ 5 ಮಿಲಿಮೀಟರ್ ಕಡಿಮೆ ಆಯಿತು, ಅಂದರೆ ಅಲೆಯ ಫೇಸ್ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನೋದು) ಒಂದು ಪೂರ್ತಿ ಸುತ್ತು ತಿರುಗಿತು. ಉಸಿರಾಡುವಾಗ ಎದೆ ಕೆಲವು ಮಿಲಿಮೀಟರ್ ಏರಿಳಿಯುತ್ತೆ. ಹೃದಯ ಬಡಿದಾಗ ಚರ್ಮ ಅಲುಗುವುದು ಮಿಲಿಮೀಟರಿನ ಹತ್ತನೇ ಒಂದರಿಂದ ಅರ್ಧದಷ್ಟು ಮಾತ್ರ. ಅಷ್ಟು ಸಣ್ಣ ಅಲುಗಾಟವೂ ಫೇಸ್‌ನಲ್ಲಿ ಕಾಣುತ್ತೆ. ಹೊದಿಕೆ ಮೇಲೆ ಹೊದಿಕೆ ಹೊದ್ದರೂ ಕಾಣುತ್ತೆ. ಮೊದಲ ಸಲ ಆ ಗೆರೆ ಪರದೆ ಮೇಲೆ ಏರಿಳಿಯುವುದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಈಗಲೂ ಅದನ್ನು ಅದ್ಭುತ ಅಂತಲೇ ಅಂದುಕೊಳ್ಳುತ್ತೇನೆ.

ಆದರೆ ನಮ್ಮ ಮನೆಗಳಲ್ಲಿ ಫ್ಯಾನ್ ಇರುತ್ತೆ, ಸೊಳ್ಳೆ ಪರದೆ ಇರುತ್ತೆ, ಒಂದೇ ಮಂಚದಲ್ಲಿ ಇಬ್ಬರು ಮಲಗಿರುತ್ತಾರೆ. ನವರಾತ್ರಿ ಮುಗಿದ ವಾರ ಡಬ್ಬಿಯನ್ನು ತಲೆದೆಸೆಯ ಗೋಡೆಗೆ ಹಾಕಿದೆ. ಫ್ಯಾನ್ ಗಾಳಿಗೆ ಪರದೆ ತೂಗಾಡಿ, ಖಾಲಿ ಹಾಸಿಗೆಯೇ ಉಸಿರಾಡುತ್ತಿದೆ ಅಂತ ತೋರಿಸಿತು. ಕೊನೆಗೆ ಯಜಮಾನರು ಮಲಗುವ ಮಗ್ಗುಲಲ್ಲಿ ಒಂದು ಸ್ಟೂಲ್ ಮೇಲೆ, ಎದೆಗೆ ನೇರವಾಗಿ ಇಟ್ಟು, ಅರ್ಧ ಮೀಟರಿನಿಂದ 1.1 ಮೀಟರಿನ ಒಳಗೆ ಬಂದದ್ದನ್ನು ಮಾತ್ರ ನೋಡು ಅಂತ ದೂರದ ಮಿತಿ ಹಾಕಿದೆ. ಪರದೆ ಆ ಮಿತಿಗಿಂತ ಹತ್ತಿರ, ಅಮ್ಮ ಮತ್ತು ಫ್ಯಾನ್ ಅದಕ್ಕಿಂತ ದೂರ. ಮೂರೂ ಹೊರಗೆ ಉಳಿದವು.

ಒಂದು ತಪ್ಪು ಹಿಡಿದದ್ದು, ಅದರಿಂದ ಬಂದ ಧೈರ್ಯ

ಮೊದಲ ವಾರ ಎದೆಬಡಿತ ನಿಮಿಷಕ್ಕೆ 68 ಅಂತ ಬರುತ್ತಿತ್ತು. ಚೆನ್ನಾಗಿದೆ ಅಂದುಕೊಂಡೆವು. ಬೆಳಗಿನ ಜಾವ ಅವರು ಎದ್ದ ಕೂಡಲೇ ಮಗ ಬಿಪಿ ಮೆಷಿನ್ ಹಾಕಿ ನೋಡಿದರೆ 81. ಅಷ್ಟು ಬೇಗ ಅಷ್ಟು ವ್ಯತ್ಯಾಸ ಯಾಕೆ ಅಂತ ಹಿಂದಿನ ದಾಖಲೆ ತೆಗೆದು ನೋಡಿದೆ. ಉಸಿರು 17 ಇದ್ದಾಗ ಎದೆಬಡಿತ 68. ಉಸಿರು 18 ಆದಾಗ 72. 16ಕ್ಕೆ ಇಳಿದಾಗ 64. ಲೆಕ್ಕ ಹಾಕಿ ನೋಡಿ, ಪ್ರತಿ ಸಲವೂ ಸರಿಯಾಗಿ ನಾಲ್ಕು ಪಟ್ಟು.

ಎದೆಯ ಏರಿಳಿತ ನುಣುಪಾದ ಅಲೆಯಾಗಿರುವುದಿಲ್ಲ. ಏರುವುದು ಒಂದು ಥರ, ಇಳಿಯುವುದು ಇನ್ನೊಂದು ಥರ. ಹಾಗಾಗಿ ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳೂ ಸಿಗ್ನಲ್ಲಿನಲ್ಲಿ ಸೇರಿಕೊಂಡಿರುತ್ತವೆ. ಉಸಿರಿನ ನಾಲ್ಕು ಪಟ್ಟು ಅಂದರೆ ಸರಿಯಾಗಿ ಎದೆಬಡಿತ ಇರಬೇಕಾದ ಜಾಗ. ಹೃದಯದ ಸಿಗ್ನಲ್ ಮೊದಲೇ ಸಣ್ಣದು, ಈ ನೆರಳಿನಲ್ಲಿ ಅದು ಮುಳುಗಿತ್ತು. ಮಾಡ್ಯೂಲು ಕೊಡುವ ಸಿದ್ಧ ಅಂಕಿ ಬಿಟ್ಟು, ಕಚ್ಚಾ ಫೇಸ್ ತಗೊಂಡು ಉಸಿರಿನ ಪಟ್ಟುಗಳನ್ನು ತೆಗೆದು ಲೆಕ್ಕ ಹಾಕುವಂತೆ ಬರೆದೆ. ಖಾತ್ರಿ ಇಲ್ಲದಾಗ ಅಂಕಿ ತೋರಿಸಲೇಬಾರದು ಅಂತಲೂ ಸೇರಿಸಿದೆ. ಆಮೇಲೆ ಬಿಪಿ ಮೆಷಿನ್‌ಗೂ ಡಬ್ಬಿಗೂ ಹೆಚ್ಚುಕಮ್ಮಿ ಹೊಂದಿತು.

ಉಸಿರನ್ನೂ ಪರೀಕ್ಷೆ ಮಾಡಿದೆವು. ಯಜಮಾನರನ್ನು ಮಲಗಿಸಿ, ಪಕ್ಕದಲ್ಲಿ ಕೂತು ಹೊಟ್ಟೆ ಏರುವುದನ್ನು ಗಡಿಯಾರ ನೋಡಿ ಎಣಿಸಿದೆ. ನನ್ನ ಎಣಿಕೆ 16, ಡಬ್ಬಿಯದ್ದೂ 16. ಐದು ಸಲ ಮಾಡಿದೆವು, ಐದೂ ಸಲ ಸರಿ.

ನನ್ನ ದೊಡ್ಡ ತಪ್ಪು ಇಲ್ಲಿದೆ. ಆ ಐದೂ ಸಲ ಅವರು ಎಚ್ಚರವಾಗಿದ್ದರು. ಎಚ್ಚರ ಇದ್ದಾಗ ಗಂಟಲು ತೆರೆದಿರುತ್ತೆ. ಎದೆ ಏರಿದರೆ ಗಾಳಿ ಒಳಗೆ ಹೋಗಿಯೇ ಹೋಗುತ್ತೆ. ಎದೆಯ ಅಲುಗಾಟ ಮತ್ತು ಗಾಳಿ ಎರಡೂ ಒಂದೇ ಅಂತ ನಾನು ಒಪ್ಪಿಕೊಂಡುಬಿಟ್ಟೆ. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಎದೆಬಡಿತದ ತಪ್ಪು ಹಿಡಿದೆವಲ್ಲ, ಇನ್ನೇನು ಸರಿಹೋಯಿತು ಅನ್ನೋ ಧೈರ್ಯ ಇತ್ತು.

ಎರಡೂವರೆ ತಿಂಗಳು

10 ಸೆಕೆಂಡಿಗಿಂತ ಜಾಸ್ತಿ ಎದೆ ಅಲುಗದಿದ್ದರೆ ಅದನ್ನು ಒಂದು ನಿಲುಗಡೆ ಅಂತ ಎಣಿಸು ಅಂತ ನಾನೇ ಬರೆದಿದ್ದೆ. 10 ಸೆಕೆಂಡ್ ಅನ್ನೋದು ವೈದ್ಯರೂ ಬಳಸುವ ಅಳತೆ. ಪ್ರತಿ ಬೆಳಗ್ಗೆ ಮಗನ ಫೋನಿಗೆ ಸಂದೇಶ ಹೋಗುತ್ತಿತ್ತು. ಉಸಿರು ಸರಾಸರಿ 16. ನಿಲುಗಡೆ ಸೊನ್ನೆ, ಅಪರೂಪಕ್ಕೆ ಒಂದೋ ಎರಡೋ. ಹೊರಳಾಟ ಜಾಸ್ತಿ.

ಅಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಅದೇ ಮಾತು ಹೇಳುತ್ತಿದ್ದರು. ಮಗ ಪಟ್ಟಿ ನೋಡಿ, "ಏನಿಲ್ಲಮ್ಮ, ಎಲ್ಲಾ ಸರಿ ಬರ್ತಿದೆ, ನೀನು ಸುಮ್ನೆ ಹೆದರ್ಕೊಂತಿ" ಅನ್ನುತ್ತಿದ್ದ. ನನ್ನನ್ನು ಕೇಳಿದರೆ ನಾನೂ ಅದನ್ನೇ ಹೇಳುತ್ತಿದ್ದೆ. ಯಜಮಾನರಿಗಂತೂ ಒಳ್ಳೆಯದೇ ಆಯಿತು. ಆಸ್ಪತ್ರೆ ಮಾತು ತೆಗೆದರೆ ಡಬ್ಬಿ ತೋರಿಸುತ್ತಿದ್ದರು. ಅಮ್ಮ ಆಮೇಲೆ ಹೇಳೋದನ್ನು ನಿಲ್ಲಿಸಿದರು.

ಸಂಕ್ರಾಂತಿಗೆ ನಾನೂ ಆ ಮನೆಗೆ ಹೋಗಿದ್ದೆ. ಅಡುಗೆಮನೆ ಬಾಗಿಲ ಪಕ್ಕ ಹಾಲಿನ ಲೆಕ್ಕದ ಕ್ಯಾಲೆಂಡರ್ ಇತ್ತು. ಕೆಲವು ತಾರೀಕಿನ ಮೂಲೆಯಲ್ಲಿ ಬಾಲ್‌ಪೆನ್ನಿನ ಚುಕ್ಕಿ. ಒಂದು ಕಡೆ ಎರಡು, ಒಂದು ಕಡೆ ಐದು, ಒಂದು ಕಡೆ ಏನೂ ಇಲ್ಲ. ಹಾಲಿನ ಲೆಕ್ಕಕ್ಕೆ ಇದು ಹೊಂದಲ್ಲವಲ್ಲ ಅಂತ ಕೇಳಿದೆ. ಅಮ್ಮ ಒಲೆ ಕಡೆಗೇ ನೋಡುತ್ತಾ ಹೇಳಿದರು: "ರಾತ್ರಿ ಎಷ್ಟು ಸಲ ಇವ್ರನ್ನ ಅಲ್ಲಾಡ್ಸಿ ಎಬ್ಬಿಸ್ದೆ ಅಂತ. ನೀವ್ಯಾರೂ ನಂಬ್ಲಿಲ್ಲ, ಅದ್ಕೆ ಗುರ್ತು ಹಾಕ್ಕೊಂತ ಬಂದೆ."

ಈ ಪ್ರಕರಣ ತಿರುಗಿದ್ದು ಆ ಕ್ಯಾಲೆಂಡರಿನ ಮುಂದೆ. ನನಗೆ ಆ ಕ್ಷಣ ಮಾತು ಬರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದು ಚುಕ್ಕಿ ಇದ್ದ ರಾತ್ರಿಗಳನ್ನು ಒಂದೊಂದಾಗಿ ತೆರೆದೆ. ನಿಲುಗಡೆ ಸೊನ್ನೆಯೇ ಇತ್ತು. ಆದರೆ ಐದು ಚುಕ್ಕಿಯ ರಾತ್ರಿಗಳಲ್ಲಿ ಹೊರಳಾಟದ ಗುರುತುಗಳು ಉಳಿದ ರಾತ್ರಿಗಿಂತ ಎದ್ದು ಕಾಣುವಷ್ಟು ಜಾಸ್ತಿ ಇದ್ದವು. ಇಷ್ಟು ದಿನ ಅವನ್ನು ನಾನು ಕಸ ಅಂತ ಬದಿಗೆ ಹಾಕಿದ್ದೆ.

ಚಪ್ಪಾಳೆ

ಅವತ್ತು ರಾತ್ರಿ ಧ್ವನಿಯನ್ನೂ ಹಿಡಿಯೋಣ ಅಂದೆ. ಮಲಗುವ ಕೋಣೆಯಲ್ಲಿ ಧ್ವನಿ ಹಿಡಿಯೋದು ಸಣ್ಣ ವಿಷಯ ಅಲ್ಲ, ಅಲ್ವಾ? ಇಬ್ಬರನ್ನೂ ಕೂರಿಸಿ ಕೇಳಿದೆವು. ಒಂದೇ ರಾತ್ರಿ, ಫೋನ್ ಅವರದ್ದೇ, ಕೆಲಸ ಮುಗಿದ ಮೇಲೆ ಅವರ ಕೈಯಲ್ಲೇ ಅಳಿಸೋದು ಅಂತ ಮಾತಾಯಿತು. ಯಜಮಾನರು ಅಷ್ಟಕ್ಕೆ ಒಪ್ಪಿದರು.

ಫೋನಿನ ಗಡಿಯಾರ, ಬೋರ್ಡಿನ ಗಡಿಯಾರ ಸೆಕೆಂಡಿಗೆ ಸೆಕೆಂಡ್ ಹೊಂದಬೇಕಿತ್ತು. ಅದಕ್ಕೆ ಮಲಗಿದ ಮೇಲೆ ಎದೆಯ ಮುಂದೆ ಕೈ ತಂದು ಮೂರು ಚಪ್ಪಾಳೆ ಹೊಡೆಯಲು ಹೇಳಿದೆ. ಫೋನಿನಲ್ಲಿ ಮೂರು ಶಬ್ದ, ರೇಡಾರಿನಲ್ಲಿ ಮೂರು ನೆಗೆತ. ಮರುದಿನ ಆ ಮೂರನ್ನು ಒಂದರ ಕೆಳಗೊಂದು ಕೂರಿಸಿದರೆ ಇಡೀ ರಾತ್ರಿ ಕೂರುತ್ತೆ. ಇದನ್ನು ಮಾಡಿ ನೋಡುವವರು ಬೆಳಗ್ಗೆ ಎದ್ದಾಗ ಇನ್ನೊಮ್ಮೆ ಚಪ್ಪಾಳೆ ಹೊಡೆಸಿ. ಗಡಿಯಾರ ಎಷ್ಟು ಜಾರಿದೆ ಅಂತ ಗೊತ್ತಾಗುತ್ತೆ.

ಬೆಳಗ್ಗೆ ನಾನೂ ಮಗನೂ ಇಯರ್‌ಫೋನ್ ಹಂಚಿಕೊಂಡು ಕೂತೆವು. ಎರಡು ಗಂಟೆ ದಾಟಿದ ಮೇಲಿನ ಒಂದು ತುಣುಕು. ಗೊರಕೆ ಏರುತ್ತಾ ಹೋಗಿ ಥಟ್ಟನೆ ಕಡಿದುಹೋಯಿತು. ಆಮೇಲೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಸೆಕೆಂಡ್ ಎಣಿಸುತ್ತಿದ್ದೆ. 34 ಸೆಕೆಂಡ್. ಆ 34 ಸೆಕೆಂಡೂ ರೇಡಾರಿನ ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಎತ್ತರ ಸ್ವಲ್ಪ ಕುಗ್ಗಿತ್ತು, ಆಕಾರ ಸೊಟ್ಟಗಾಗಿತ್ತು, ಆದರೆ ನಿಂತಿರಲಿಲ್ಲ. ಕೊನೆಗೆ ನೀರಿನಿಂದ ಮೇಲೆ ಬಂದವರ ಹಾಗೆ ಒಂದು ದೊಡ್ಡ ಎಳೆತ, ಮೈಯೆಲ್ಲ ಕೊಡವಿದ ಸದ್ದು. ಅಲ್ಲಿ ರೇಡಾರ್ "ಹೊರಳಾಟ" ಅಂತ ಗುರುತು ಹಾಕಿ ಆ ಸೆಕೆಂಡುಗಳನ್ನು ಲೆಕ್ಕದಿಂದ ತೆಗೆದಿತ್ತು. ಆ ಜಾಗಕ್ಕೆ ಹಿಂದಿನ ಸರಾಸರಿ ತುಂಬಿತ್ತು. 16.

ಮಗ ಇಯರ್‌ಫೋನ್ ತೆಗೆದು ಎದ್ದು ಹೊರಗೆ ಹೋದ.

ನಡೆಯುತ್ತಿದ್ದದ್ದು ಇಷ್ಟು. ನಿದ್ದೆಯಲ್ಲಿ ಹೀಗೆ ಉಸಿರು ನಿಲ್ಲೋದಕ್ಕೆ ಆಪ್ನಿಯಾ ಅನ್ನುತ್ತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತೆ. ಮೆದುಳು ಉಸಿರೆಳೆ ಅಂತ ಹೇಳುತ್ತಲೇ ಇರುತ್ತೆ. ಎದೆ, ಹೊಟ್ಟೆ ಎಳೆಯುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗಲ್ಲ. ಆಗ ಎದೆ ಒಳಗೆ ಹೋದಾಗ ಹೊಟ್ಟೆ ಹೊರಗೆ ಬರುತ್ತೆ, ತಕ್ಕಡಿಯ ಎರಡು ತಟ್ಟೆಯ ಹಾಗೆ. ನನ್ನ ಡಬ್ಬಿಗೆ ಎದೆ, ಹೊಟ್ಟೆ ಎರಡೂ ಒಟ್ಟಿಗೆ ಕಾಣುತ್ತಿದ್ದವು. ಎರಡರ ಮೊತ್ತವನ್ನು ಅದು ಉಸಿರು ಅಂತ ಕರೆಯಿತು. ಆಮೇಲೆ ಆಮ್ಲಜನಕ ಇಳಿದು ಮೆದುಳು ಅರೆ ಎಚ್ಚರಕ್ಕೆ ಬಂದು ಮೈ ಕೊಡವಿದಾಗ ಗಂಟಲು ತೆರೆಯುತ್ತೆ. ಇಡೀ ಘಟನೆಯ ಅತಿ ಸ್ಪಷ್ಟ ಗುರುತು ಅದೇ ಕೊಡವುವಿಕೆ. ನಾನು ಅದನ್ನೇ ಅಳಿಸುತ್ತಿದ್ದೆ.

ಮೆದುಳೇ ಉಸಿರೆಳೆ ಅಂತ ಹೇಳದಿರುವ ಇನ್ನೊಂದು ಬಗೆಯ ಆಪ್ನಿಯಾ ಇದೆ, ಸೆಂಟ್ರಲ್ ಅನ್ನುತ್ತಾರೆ. ಅದರಲ್ಲಿ ಎದೆ ನಿಜವಾಗಿಯೂ ನಿಲ್ಲುತ್ತೆ. ನನ್ನ 10 ಸೆಕೆಂಡಿನ ನಿಯಮ ಅದನ್ನು ಹಿಡಿಯುತ್ತಿತ್ತು. ಗಂಟಲು ಮುಚ್ಚುವ ಬಗೆಯೇ ಜನರಲ್ಲಿ ಬಹಳ ಜಾಸ್ತಿ, ಅದಕ್ಕೆ ನನ್ನ ನಿಯಮ ಕುರುಡಾಗಿತ್ತು.

ಒಪ್ಪಿಸಿದ್ದು ಯಾವುದು

ಯಜಮಾನರ ಮುಂದೆ ಗ್ರಾಫ್ ಹಿಡಿಯಬೇಡ ಅಂದೆ. ಗ್ರಾಫ್ ಎರಡೂವರೆ ತಿಂಗಳು ಅವರ ಪರವಾಗಿ ಮಾತಾಡಿತ್ತು, ಈಗ ಅದೇ ಗ್ರಾಫ್ ತಿರುಗಿಬಿತ್ತು ಅಂದರೆ ಯಾರು ನಂಬುತ್ತಾರೆ? ಮಗ ಸುಮ್ಮನೆ ಆ ತುಣುಕನ್ನು ಜೋರಾಗಿ ಹಾಕಿದ. ಗೊರಕೆ ಕಡಿದಾಗ ಯಜಮಾನರು ಸ್ವಲ್ಪ ನಕ್ಕರು. ಹತ್ತು ಸೆಕೆಂಡ್ ಆಯಿತು, ಇಪ್ಪತ್ತಾಯಿತು. ನಗು ಹೋಯಿತು. ತಾವೇ ಉಸಿರು ಬಿಗಿಹಿಡಿದು ಕೂತಿದ್ದರು. ಎಳೆತದ ಸದ್ದು ಬಂದಾಗ ಅಮ್ಮನ ಕಡೆ ತಿರುಗಿ, "ದಿನಾ ಹಿಂಗೇನಾ?" ಅಂತ ಕೇಳಿದರು. ಅಮ್ಮ ಕ್ಯಾಲೆಂಡರ್ ತಂದು ಮುಂದಿಟ್ಟರು.

ಮರುವಾರ ಶ್ವಾಸಕೋಶ ತಜ್ಞರ ಹತ್ತಿರ ಹೋದೆವು. ನನ್ನ ಲ್ಯಾಪ್‌ಟಾಪ್ ತೆರೆಯುವ ಮುಂಚೆಯೇ ಅವರು ಅಮ್ಮನನ್ನು ಕೇಳಿದರು, ಮಲಗಿದಾಗ ಇವರ ಉಸಿರು ನಿಲ್ಲೋದನ್ನು ನೀವು ನೋಡಿದ್ದೀರಾ ಅಂತ. ಸ್ಟಾಪ್‌ಬ್ಯಾಂಗ್ ಅಂತ ಎಂಟು ಪ್ರಶ್ನೆಗಳ ಒಂದು ಪಟ್ಟಿ ಇದೆ. ಟೊರೊಂಟೊದ ವೈದ್ಯೆ ಫ್ರಾನ್ಸಿಸ್ ಚುಂಗ್ ಮತ್ತು ಜೊತೆಗಾರರು 2008ರಲ್ಲಿ ಮಾಡಿದ್ದು. ಗೊರಕೆ, ಹಗಲಿನ ಸುಸ್ತು, ಬಿಪಿ, ತೂಕ, ವಯಸ್ಸು, ಕತ್ತಿನ ಸುತ್ತಳತೆ, ಗಂಡೋ ಹೆಣ್ಣೋ. ಎಂಟರಲ್ಲಿ ಒಂದು ಸರಿಯಾಗಿ ಅಮ್ಮ ಮೊದಲ ದಿನ ನನಗೆ ಹೇಳಿದ ಮಾತು. ಕಾಸು ಖರ್ಚಿಲ್ಲದ ಆ ಪಟ್ಟಿಯನ್ನು ನವರಾತ್ರಿಯಲ್ಲೇ ಹಿಡಿದು ಕೂತಿದ್ದರೆ ಎರಡೂವರೆ ತಿಂಗಳು ಉಳಿಯುತ್ತಿತ್ತು. ನನಗೆ ಇವತ್ತಿಗೂ ನೋಯುವುದು ಅದು.

ನನ್ನ ಗ್ರಾಫನ್ನೂ ಅವರು ನೋಡಿದರು, ತಳ್ಳಿಹಾಕಲಿಲ್ಲ. ಇದರಿಂದ ಕಾಯಿಲೆ ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ ಅಂದರು. ತಲೆಗೆ ವೈರ್ ಇಲ್ಲದ, ಮನೆಯಲ್ಲೇ ಮಾಡುವ ಪರೀಕ್ಷೆ ಬರೆದುಕೊಟ್ಟರು. ಮೂಗಿಗೆ ಒಂದು ಸಣ್ಣ ನಳಿಗೆ, ಎದೆಗೊಂದು ಹೊಟ್ಟೆಗೊಂದು ಬೆಲ್ಟ್, ಬೆರಳಿಗೆ ಆಕ್ಸಿಮೀಟರ್. ವೈರ್ ಬೇಡ ಅಂದಿದ್ದ ಯಜಮಾನರು ಮಾತಾಡದೆ ಕಟ್ಟಿಸಿಕೊಂಡರು.

ಫಲಿತಾಂಶ ಗಂಟೆಗೆ 43 ಘಟನೆ, ಅಂದರೆ ಉಸಿರು ನಿಂತದ್ದು ಇಲ್ಲವೇ ಕುಗ್ಗಿದ್ದು ಅಷ್ಟು ಸಲ. 5ರ ಒಳಗೆ ಇದ್ದರೆ ಸರಿ, 30 ದಾಟಿದರೆ ತೀವ್ರ. ರಕ್ತದ ಆಮ್ಲಜನಕ ಒಮ್ಮೆ ಶೇಕಡಾ 74ಕ್ಕೆ ಇಳಿದಿತ್ತು. ಎದೆಯ ಬೆಲ್ಟಿನ ಗೆರೆ, ಹೊಟ್ಟೆಯ ಬೆಲ್ಟಿನ ಗೆರೆ ಒಂದಕ್ಕೊಂದು ತದ್ವಿರುದ್ಧ ಹೋಗುತ್ತಿದ್ದದ್ದನ್ನು ವೈದ್ಯರು ಬೆರಳಿಟ್ಟು ತೋರಿಸಿದರು. ಅಮ್ಮನ ಐದು ಚುಕ್ಕಿ ಜಾಸ್ತಿ ಇರಬಹುದು ಅಂತ ನಾವು ಅಂದುಕೊಂಡಿದ್ದೆವು. ಅವರಿಗೆ ಎಚ್ಚರವಾದದ್ದಷ್ಟೇ ಅವರು ಎಣಿಸಿದ್ದರು.

ಆಮೇಲೆ

ಸಿಪ್ಯಾಪ್ ಮೆಷಿನ್ ಬಂತು. ಮೂಗಿನ ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ಹಿಡಿಯುವುದು ಅದರ ಕೆಲಸ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ತೋರಿಸಿಕೊಟ್ಟ ದಾರಿ. ಮೊದಲ ಹತ್ತು ದಿನ ಕಷ್ಟವೇ ಆಯಿತು. ಬಾಯಿ ಒಣಗೋದು, ಮೂಗಿನ ಮೇಲೆ ಗುರುತು, ನಡುರಾತ್ರಿ ಕಿತ್ತು ಹಾಕೋದು. ಮಾಸ್ಕ್ ಅಳತೆ ಬದಲಾಯಿಸಿ, ಗಾಳಿಗೆ ತೇವ ಕೊಡುವ ಡಬ್ಬಿ ಸೇರಿಸಿದ ಮೇಲೆ ಹೊಂದಿಕೊಂಡರು. ಕರೆಂಟು ಹೋಗುವ ಊರು, ಹಾಗಾಗಿ ಇನ್ವರ್ಟರ್‌ಗೆ ಜೋಡಿಸಿದೆವು. ರಾತ್ರಿ ಏಳೋದು ಒಂದು ಸಲಕ್ಕೆ ಇಳಿದಿದೆ. ನಾಲ್ಕು ತಿಂಗಳಾದ ಮೇಲೆ ವೈದ್ಯರು ಬಿಪಿ ಮಾತ್ರೆಯಲ್ಲಿ ಒಂದನ್ನು ನಿಲ್ಲಿಸಿದರು. ಅದು ಮೆಷಿನ್ ಒಂದರಿಂದಲೇ ಅಂತ ನಾನು ಹೇಳಲ್ಲ. ಆ ನಾಲ್ಕು ತಿಂಗಳಲ್ಲಿ ಉಪ್ಪಿನಕಾಯಿ ಕಡಿಮೆಯಾಗಿತ್ತು, ಸಂಜೆ ನಡಿಗೆಯೂ ಶುರುವಾಗಿತ್ತು.

ರೇಡಾರ್ ಡಬ್ಬಿ ಇನ್ನೂ ಸ್ಟೂಲ್ ಮೇಲಿದೆ. ಅದನ್ನು ಎಸೆಯಬೇಕು ಅಂತ ನನಗೆ ಅನಿಸಿಲ್ಲ. ಅದು ಕೊಡುವ ಉತ್ತರ ಸರಿಯಾಗೇ ಇತ್ತು, ನಾನು ಅದಕ್ಕೆ ಕೇಳಿದ ಪ್ರಶ್ನೆ ಬೇರೆ. ಎದೆ ಅಲುಗುತ್ತಿದೆಯಾ, ಎಷ್ಟು ಸಲ ಅಲುಗುತ್ತಿದೆ, ಮನುಷ್ಯ ಹಾಸಿಗೆಯಲ್ಲಿ ಇದ್ದಾನಾ, ಎದ್ದು ಹೋದನಾ, ಇಷ್ಟನ್ನು ಅದು ಮೈ ಮುಟ್ಟದೆ ಚೆನ್ನಾಗಿ ಹೇಳುತ್ತೆ. ವಾರಗಟ್ಟಲೆ ನೋಡಿದರೆ ಉಸಿರಿನ ವೇಗ ಏರುತ್ತಾ ಹೋಗುವುದನ್ನೂ ತೋರಿಸುತ್ತೆ. ಈಗ ಸಂದೇಶದಿಂದ "ನಿಲುಗಡೆ ಸೊನ್ನೆ" ಅನ್ನೋ ಸಾಲನ್ನೇ ತೆಗೆದಿದ್ದೇನೆ. ಕಾಣದ್ದನ್ನು ಸೊನ್ನೆ ಅಂತ ಬರೆಯೋದು ಸುಳ್ಳು ಭರವಸೆ, ಮನೆಯವರು ಆ ಸೊನ್ನೆಯನ್ನು ನಂಬಿ ಮಲಗುತ್ತಾರೆ. ಹೊರಳಾಟವನ್ನು ಕಸಕ್ಕೆ ಹಾಕುವ ಬದಲು ಗಂಟೆಗೆ ಎಷ್ಟು ಅಂತ ಎಣಿಸುತ್ತೇನೆ. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಂದರೆ "ವೈದ್ಯರಿಗೆ ತೋರಿಸಿ" ಅನ್ನೋ ಒಂದು ಸಾಲು ಬರುತ್ತೆ, ಅಷ್ಟೇ. ಇನ್ನೊಂದು ಮನೆಯಲ್ಲಿ ಕೂರಿಸಿಕೊಡಿ ಅಂತ ಯಾರಾದರೂ ಕೇಳಿದರೆ, ಮೊದಲು ಪಕ್ಕದಲ್ಲಿ ಮಲಗುವವರ ಜೊತೆ ಕೂತು ಆ ಎಂಟು ಪ್ರಶ್ನೆ ಕೇಳುತ್ತೇನೆ. ಮೂರೋ ಅದಕ್ಕಿಂತ ಜಾಸ್ತಿಯೋ ಹೌದು ಬಂದರೆ ಡಬ್ಬಿ ಮಾತು ಆಮೇಲೆ, ಮೊದಲು ಆಸ್ಪತ್ರೆ ಅನ್ನುತ್ತೇನೆ.

ಹೋದ ತಿಂಗಳು ಆ ಕಡೆ ಹೋದಾಗ ಕ್ಯಾಲೆಂಡರ್ ನೋಡಿದೆ. ಹಾಲಿನ ಲೆಕ್ಕ ಇತ್ತು. ಚುಕ್ಕಿ ಇಡೀ ತಿಂಗಳಿಗೆ ಎರಡೇ ದಿನ, ಅಕ್ಕಪಕ್ಕದ ತಾರೀಕು. ಏನಾಯ್ತಮ್ಮ ಅಂತ ಕೇಳಿದೆ. ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟ್ ಇರಲಿಲ್ಲವಂತೆ, ಇನ್ವರ್ಟರ್ ಬ್ಯಾಟರಿ ಮುಗಿದಿತ್ತಂತೆ. ಆ ಎರಡು ರಾತ್ರಿ ಅಮ್ಮ ಎದ್ದು ಕೂತಿದ್ದರು.